ಎರಡು ವಿಹಾರೋದ್ಯಾನಗಳು: ಮೆಟ್ಟುಪಾಳ್ಯವೋ, ಬಿಡದಿಯೋ?

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ನಾಣ್ಣುಡಿ. ಇದರ ಎರಡನೆಯ ಭಾಗವನ್ನು ಶಾಲೆಯು ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ಮೊದಲನೆಯ ಭಾಗದ ಹೊಣೆ ಬಹುಪಾಲು ತಾಯ್ತಂದೆಗಳದು. ವರ್ಷವಿಡೀ ಮಗ್ಗದ ಮುಂದೆಯೋ ತೆಂಗಿನ ತೋಟದಲ್ಲಿಯೋ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆಯೋ ದುಡಿಯುವ ನಮ್ಮ ನೆಗಮಂ ಸೀಮೆಯ ಗೃಹಸ್ಥರು, ಬೇಸಗೆಯ ರಜೆ ಬಂದೊಡನೆ ಮಕ್ಕಳ ಒಂದೇ ಬೇಡಿಕೆಯನ್ನು ಇದಿರಿಸಬೇಕಾಗುತ್ತದೆ: "ಈ ಸಲ ಎಲ್ಲಿಗೆ?"

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಪಳನಿ, ಆನೆಮಲೆ, ಆಳಿಯಾರಿನ ಅಣೆಕಟ್ಟು, ಬಹಳವಾದರೆ ಉದಕಮಂಡಲ. ಈಗಿನ ಮಕ್ಕಳಾದರೋ ನೀರಿನ ಜಾರುಬಂಡೆಗಳೂ ಗಗನಕ್ಕೇರುವ ಯಂತ್ರಗಳೂ ತುಂಬಿರುವ ವಿಹಾರೋದ್ಯಾನಗಳ ಹೆಸರನ್ನೇ ಮೊದಲು ಹೇಳುತ್ತಾರೆ. ಮೊದಲ ಬಾರಿ ಹೋಗುವ ಕುಟುಂಬಕ್ಕೆ ಯಾವ ಉದ್ಯಾನವಾದರೂ ಸ್ವರ್ಗವೇ ಸರಿ. ಆದರೆ ಕೊಯಮತ್ತೂರಿನ ಸಿರುವಾಣಿ ರಸ್ತೆಯ ಕೋವೈ ಕೊಂಡಾಟ್ಟಂ ನೋಡಿ, ಮೆಟ್ಟುಪಾಳ್ಯದ ಬ್ಲ್ಯಾಕ್ ಥಂಡರಿಗೂ ಎರಡು ಮೂರು ಸಲ ಹೋಗಿಬಂದ ಕುಟುಂಬಗಳು ಈಗ ನಮ್ಮಲ್ಲಿ ಕಡಮೆಯಿಲ್ಲ. ಪ್ರವಾಸದಲ್ಲಿ ಹೀಗೆ ಪಳಗಿದವರು ನಮ್ಮೊಡನೆ ಪ್ರಸ್ತಾಪಿಸುವ ಪ್ರಶ್ನೆಯೇ ಬೇರೆ: "ಮತ್ತೆ ಅಲ್ಲಿಗೇ ಹೋಗುವುದೋ, ಇಲ್ಲವೆ ಹೆಚ್ಚು ಹಣ ಹಾಕಿ ಬೆಂಗಳೂರಿನ ಬಳಿಯ ವಂಡರ್‌ಲಾಕ್ಕೆ ಹೋಗುವುದೋ? ಅಲ್ಲಿ ತಂಗುವುದರಿಂದ ಲಾಭವುಂಟೋ?" ಈ ಪ್ರಶ್ನೆಯನ್ನು ಕ್ರಮವಾಗಿ ವಿಚಾರಮಾಡಿ ನೋಡುವುದು ಈ ಲೇಖನದ ಉದ್ದೇಶ.

ಇಂಥ ಉದ್ಯಾನಗಳ ಹುಟ್ಟು

ಜಾತ್ರೆಯ ತೊಟ್ಟಿಲುರಾಟೆಯನ್ನು ಕಾಣದ ಮಗು ನಮ್ಮಲ್ಲಿಲ್ಲ. ವಿಹಾರೋದ್ಯಾನವೆಂದರೆ ಮುಗಿಯದ ಜಾತ್ರೆಯೆಂದು ತಿಳಿದರೆ ಸಾಕು. ಡೆನ್ಮಾರ್ಕ್ ದೇಶದ ರಾಜಧಾನಿಯ ಉತ್ತರಕ್ಕೆ ಕಾಡಿನ ನಡುವೆ ಒಂದು ಚಿಲುಮೆಯಿದ್ದಿತು. ಅದರ ನೀರಿಗಾಗಿ ಬರುವ ಜನರನ್ನು ರಂಜಿಸಲು 1583ರಿಂದ ಅಲ್ಲಿ ಆಟಗಾರರೂ ಅಂಗಡಿಕಾರರೂ ಸೇರತೊಡಗಿದರು. ಬಾಕೆನ್ ಎಂಬ ಆ ಸ್ಥಳವು ಇಂದಿಗೂ ನಡೆಯುತ್ತಿದೆ. 1893ರಲ್ಲಿ ಅಮೆರಿಕದ ಷಿಕಾಗೋ ನಗರದ ಮಹಾಪ್ರದರ್ಶನದಲ್ಲಿ ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಉಕ್ಕಿನ ತೊಟ್ಟಿಲುರಾಟೆಯನ್ನು ನಿಲ್ಲಿಸಿದನು. ಅದರಲ್ಲಿ 36 ತೊಟ್ಟಿಲುಗಳಿದ್ದು, ಒಂದೊಂದರಲ್ಲಿಯೂ ಸುಮಾರು 60 ಜನ ಹಿಡಿಸುತ್ತಿದ್ದರು. ಇಂದಿಗೂ ಆ ರಾಟೆಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

1955ರ ಜುಲೈ 17ರಂದು ವಾಲ್ಟ್ ಡಿಸ್ನಿಯು ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡನ್ನು ತೆರೆದಾಗ ಜಾತ್ರೆಗೆ ಕಥೆಯ ಚೌಕಟ್ಟು ದೊರೆಯಿತು. 1971ರಲ್ಲಿ ಫ್ಲಾರಿಡಾದಲ್ಲಿ ತೆರೆದ ಅವರ ಎರಡನೆಯ ಉದ್ಯಾನದ ಜೊತೆಗೆ ಮೊದಲ ದಿನದಿಂದಲೇ ವಸತಿಗೃಹಗಳೂ ಇದ್ದವು. ಬಂದವರು ಸಂಜೆ ಹೊರಟುಹೋಗದೆ ಅಲ್ಲಿಯೇ ಉಳಿಯಲಿ ಎಂಬ ವ್ಯಾಪಾರದ ಯೋಚನೆ ಅಂದಿನಿಂದ ಪ್ರಬಲವಾಯಿತು. ನಮ್ಮ ದೇಶದಲ್ಲಿ 1984ರಲ್ಲಿ ದೆಹಲಿಯ ಅಪ್ಪು ಘರ್ ಆರಂಭವಾಯಿತು. 1982ರ ಏಷ್ಯನ್ ಕ್ರೀಡೆಗಳ ಲಾಂಛನವಾಗಿದ್ದ ಆನೆಮರಿಯ ಹೆಸರು ಅದಕ್ಕೆ. ಅದು 2008ರಲ್ಲಿ ಮುಚ್ಚಿಹೋಯಿತಾದರೂ ಅದು ತೋರಿದ ದಾರಿಯಲ್ಲಿ ದೇಶದ ನಾನಾ ಕಡೆ ಇಂಥ ಉದ್ಯಾನಗಳು ತಲೆಯೆತ್ತಿದವು. ನಮ್ಮ ವಿಚಾರಕ್ಕೆ ಬಂದಿರುವ ಎರಡೂ ಆ ಪೀಳಿಗೆಯವೇ.

ಎರಡು ಉದ್ಯಾನಗಳ ಪರಿಚಯ

ಬ್ಲ್ಯಾಕ್ ಥಂಡರ್ ಉದ್ಯಾನವು ನೀಲಗಿರಿಯ ತಪ್ಪಲಿನಲ್ಲಿ, ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಹೋಗುವ ರಸ್ತೆಯಲ್ಲಿದೆ. ವಿಸ್ತಾರ ಸುಮಾರು 75 ಎಕರೆ. ಹೆಸರಿಗೆ ಗುಡುಗಾದರೂ ಗುಣಕ್ಕೆ ನೀರು. ಅಲೆಗಳ ಕೊಳ, ಜಾರುಗಾಲುವೆಗಳು, ಕಾಡುಹೊಳೆಯ ಮಾದರಿಯ ತೆಪ್ಪದಾಟ, ಪುಟ್ಟ ಮಕ್ಕಳ ತಿಳಿಗೊಳ ಮುಂತಾದ ಜಲಕ್ರೀಡೆಗಳೇ ಅಲ್ಲಿ ಪ್ರಧಾನ, ಯಂತ್ರದಾಟಗಳೂ ಉಂಟು. ಆವರಣದಲ್ಲಿಯೇ ತಂಗಲು ಕೊಠಡಿಗಳಿವೆ. ತಲೆಯೆತ್ತಿದರೆ ನೀಲಗಿರಿಯ ಗೋಡೆ ಕಾಣುವುದೇ ಅದರ ಸಹಜವಾದ ಅಲಂಕಾರ.

ವಂಡರ್‌ಲಾ ಉದ್ಯಾನವು ಬೆಂಗಳೂರಿನಿಂದ ಮೈಸೂರಿನ ದಿಕ್ಕಿಗೆ ಸುಮಾರು 28 ಕಿಲೋಮೀಟರು ದೂರದ ಬಿಡದಿಯ ಬಳಿ, ಸುಮಾರು 82 ಎಕರೆಗಳಲ್ಲಿ ಹರಡಿದೆ. ಇದರ ಸ್ಥಾಪಕರು ಕೇರಳದ ಉದ್ಯಮಿಗಳಾದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರು. 2000ದಲ್ಲಿ ಕೊಚ್ಚಿಯ ಸಮೀಪ 'ವೀಗಾಲ್ಯಾಂಡ್' ಎಂಬ ಹೆಸರಿನಲ್ಲಿ ಮೊದಲ ಉದ್ಯಾನವನ್ನೂ, 2005ರಲ್ಲಿ ಬಿಡದಿಯದನ್ನೂ ತೆರೆದರು. ಆಮೇಲೆ 2016ರಲ್ಲಿ ಹೈದರಾಬಾದು, 2024ರಲ್ಲಿ ಭುವನೇಶ್ವರ, 2025ರ ಡಿಸೆಂಬರಿನಲ್ಲಿ ಚೆನ್ನೈ ಸಮೀಪದ ಉದ್ಯಾನಗಳು ಸೇರಿಕೊಂಡವು. ಬಿಡದಿಯಲ್ಲಿ 2012ರಲ್ಲಿ 84 ಕೊಠಡಿಗಳ ವಿಹಾರಗೃಹವು ಉದ್ಯಾನದ ಮಗ್ಗುಲಲ್ಲಿಯೇ ಆರಂಭವಾಯಿತು. ಇಲ್ಲಿ ನೀರಿನ ಆಟಗಳಿಗೆ ಸರಿಸಮವಾಗಿ ಒಣನೆಲದ ಭಾರಿ ಯಂತ್ರಗಳಿವೆ. ಅನುಭವಸ್ಥರನ್ನು ಸೆಳೆಯುವುದು ಇವೇ.

ಆಟದೊಳಗಿನ ಪಾಠ

ಹೋಲಿಕೆಗೆ ಮುನ್ನ ಈ ಯಂತ್ರಗಳು ನಡೆಯುವ ಬಗೆಯನ್ನು ವಿದ್ಯಾರ್ಥಿಗಳು ತಿಳಿಯತಕ್ಕದ್ದು. ತಿಳಿದು ಆಡುವವನಿಗೆ ಭಯ ಕಡಮೆ, ಎಚ್ಚರ ಹೆಚ್ಚು.

ಅಲೆಗಳ ಕೊಳವನ್ನು ತೆಗೆದುಕೊಳ್ಳೋಣ. ಆಳವಾದ ತುದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ. ಸಾಮಾನ್ಯವಾಗಿ ಬಲವಾದ ಬೀಸಣಿಗೆಗಳು ಅವುಗಳೊಳಕ್ಕೆ ಗಾಳಿಯನ್ನು ಒತ್ತಿ, ಒಳಗಿನ ನೀರನ್ನು ಕೆಳಗೆ ತಳ್ಳುತ್ತವೆ. ಗಾಳಿಯನ್ನು ಬಿಟ್ಟೊಡನೆ ನೀರು ಮತ್ತೆ ಏರುತ್ತದೆ. ಈ ತಳ್ಳಾಟವನ್ನು ತಾಳಕ್ಕೆ ಸರಿಯಾಗಿ ಮಾಡುತ್ತಿದ್ದರೆ ಅಲೆ ಏಳುತ್ತದೆ. ಅಲೆಯು ಆಳ ಕಡಮೆಯಾಗುವ ಕಡೆಗೆ ಸಾಗಿದಂತೆ ಅದರ ಕಾಲು ನೆಲಕ್ಕೆ ತಗಲಿ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬಾಗಿ ಒಡೆಯುತ್ತದೆ. ಕಡಲತೀರದಲ್ಲಿ ನಡೆಯುವುದೂ ಇದೇ. ಆದುದರಿಂದ ನೀರು ಮೊಣಕಾಲಿನ ಮಟ್ಟದಲ್ಲಿರುವಾಗಲೂ ಅಲೆ ಎದೆಗೆ ಬಡಿಯಬಹುದೆಂಬುದನ್ನು ಮಕ್ಕಳನ್ನು ಕರೆದೊಯ್ಯುವವರು ನೆನಪಿನಲ್ಲಿಡಬೇಕು.

ಇನ್ನು ಏರಿಳಿತದ ಬಂಡಿ. ಇದಕ್ಕೆ ಎಂಜಿನ್ ಇಲ್ಲವೆಂದರೆ ಹಲವರು ನಂಬುವುದಿಲ್ಲ. ಸಾಮಾನ್ಯವಾಗಿ ಮೋಟಾರು ಮತ್ತು ಸರಪಳಿ ಅದನ್ನು ಮೊದಲ ದಿಬ್ಬಕ್ಕೆ ಎಳೆದುಬಿಡುತ್ತವೆ. ಅಲ್ಲಿಂದ ಮುಂದಿನ ಪಯಣವೆಲ್ಲ ಭೂಮಿಯ ಆಕರ್ಷಣೆಯದು. ಎತ್ತರದಲ್ಲಿ ಕೂಡಿಟ್ಟ ಶಕ್ತಿಯು ಇಳಿಯುವಾಗ ವೇಗವಾಗಿ ಖರ್ಚಾಗುತ್ತದೆ. ಇಪ್ಪತ್ತು ಮೀಟರ್ ಎತ್ತರದಿಂದ ತಡೆಯಿಲ್ಲದೆ ಇಳಿದ ಬಂಡಿಯ ವೇಗವನ್ನು ಪ್ರೌಢಶಾಲೆಯ ಹುಡುಗರು ಲೆಕ್ಕಮಾಡಬಲ್ಲರು: 2, 9.8, 20 ಇವುಗಳನ್ನು ಗುಣಿಸಿದರೆ 392. ಅದರ ವರ್ಗಮೂಲ ಸುಮಾರು 19.8. ಅಂದರೆ ಸೆಕೆಂಡಿಗೆ 19.8 ಮೀಟರು, ಗಂಟೆಗೆ ಸುಮಾರು 71 ಕಿಲೋಮೀಟರು. ಹಳಿಯ ಉಜ್ಜಾಟದಲ್ಲಿಯೂ ಗಾಳಿಯ ತಡೆಯಲ್ಲಿಯೂ ಸ್ವಲ್ಪ ಶಕ್ತಿ ನಷ್ಟವಾಗುವುದರಿಂದ ಎರಡನೆಯ ದಿಬ್ಬವು ಮೊದಲನೆಯದಕ್ಕಿಂತ ತಗ್ಗಾಗಿಯೇ ಇರಬೇಕು.

ಬಿಡದಿಯಲ್ಲಿರುವ ರೀಕಾಯಿಲ್ ಎಂಬ ಬಂಡಿಯು ಕುಳಿತವರನ್ನು ತಲೆಕೆಳಗು ಮಾಡಿ ಸಾಗಿ, ಮರಳಿ ಅದೇ ಹಳಿಯ ಮೇಲೆ ಹಿಂದುಹಿಂದಾಗಿ ಬರುತ್ತದೆ. ತಲೆಕೆಳಗಾದವರು ಬೀಳುವುದಿಲ್ಲವೇಕೆ? ನೀರು ತುಂಬಿದ ಚೆಂಬನ್ನು ಹಗ್ಗಕ್ಕೆ ಕಟ್ಟಿ ಬೀಸಿ ತಿರುಗಿಸಿ ನೋಡಿರಿ. ಚೆಂಬು ಬೋರಲಾದಾಗಲೂ ನೀರು ಚೆಲ್ಲುವುದಿಲ್ಲ. ನೀರು ನೇರವಾಗಿ ಸಾಗಲು ಹವಣಿಸುತ್ತದೆ, ಚೆಂಬಿನ ತಳ ಅದನ್ನು ಒಳಕ್ಕೆ ತಿರುಗಿಸುತ್ತದೆ. ಬಂಡಿಯ ಪೀಠವೂ ಹಾಗೆಯೇ. ಹಳಿಯ ಸುತ್ತು ಪೂರ್ಣವೃತ್ತವಾಗಿರದೆ ನೀರಿನ ಹನಿಯ ಆಕಾರದಲ್ಲಿರುವುದನ್ನೂ ಗಮನಿಸಬೇಕು. ಕೆಳಗೆ ವೇಗ ಹೆಚ್ಚಾದ್ದರಿಂದ ತಿರುವು ಅಗಲವಾಗಿಯೂ, ಮೇಲೆ ವೇಗ ಕುಗ್ಗುವುದರಿಂದ ತಿರುವು ಕಿರಿದಾಗಿಯೂ ಇದ್ದರೆ ದೇಹದ ಮೇಲಿನ ಒತ್ತಡ ಹಿತಮಿತವಾಗಿರುತ್ತದೆ. 1976ರಲ್ಲಿ ಕ್ಯಾಲಿಫೋರ್ನಿಯದ ಒಂದು ಬಂಡಿಯಲ್ಲಿ ಈ ಆಕಾರವನ್ನು ಬಳಸಿದ ಮೇಲೆ ಇದೇ ರೂಢಿಗೆ ಬಂದಿತು.

ದಾರಿ, ದಿನ, ವೆಚ್ಚ

ಈಗ ಹೋಲಿಕೆಗೆ ಬರೋಣ. ಟಿಕೆಟ್ಟಿನ ದರವನ್ನಷ್ಟೇ ನೋಡಿ ಎರಡು ಉದ್ಯಾನಗಳನ್ನು ತೂಗುವುದು, ಸೆರಗನ್ನು ಮಾತ್ರ ನೋಡಿ ಸೀರೆಗೆ ಬೆಲೆ ಕಟ್ಟಿದಂತೆ. ಒಡಲನ್ನೂ ಬಿಡಿಸಿ ನೋಡಬೇಕು.

ನೆಗಮದಿಂದ ಮೆಟ್ಟುಪಾಳ್ಯಕ್ಕೆ ಕೊಯಮತ್ತೂರಿನ ಮೇಲೆ ಎಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಬೆಳಗಿನ ಜಾವ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಮಗ್ಗ ನಿಲ್ಲುವುದು ಒಂದೇ ದಿನ. ಬಿಡದಿಯ ಮಾತು ಹಾಗಲ್ಲ. ಸತ್ಯಮಂಗಲ, ದಿಂಬಂ, ಚಾಮರಾಜನಗರ, ಮೈಸೂರು ಮಾರ್ಗವಾಗಿ ಹೋದರೆ ಸುಮಾರು ಮುನ್ನೂರೈವತ್ತು ಕಿಲೋಮೀಟರು. ದಿಂಬಂ ಘಾಟಿಯಲ್ಲಿ 27 ಹಿಮ್ಮುರಿ ತಿರುವುಗಳಿವೆ. ಹುಲಿಗಳ ರಕ್ಷಿತಾರಣ್ಯದ ನಡುವಣ ಆ ರಸ್ತೆಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧಗಳುಂಟು. ಆದಕಾರಣ ಹಗಲಿನಲ್ಲಿಯೇ ದಾಟುವಂತೆ ಹೊರಡತಕ್ಕದ್ದು. ರೈಲನ್ನು ಬಯಸುವವರಿಗೆ ಕೊಯಮತ್ತೂರಿನಿಂದ ಬೆಂಗಳೂರಿಗೆ ಹಗಲೂ ರಾತ್ರಿಯೂ ಗಾಡಿಗಳಿವೆ. 2023ರ ಡಿಸೆಂಬರ್ 30ರಂದು ಉದ್ಘಾಟನೆಯಾದ ವಂದೇ ಭಾರತ್ ರೈಲು ಬೆಂಗಳೂರು ದಂಡು ನಿಲ್ದಾಣವನ್ನು ಆರೇಳು ಗಂಟೆಗಳಲ್ಲಿ ಮುಟ್ಟಿಸುತ್ತದೆ. ಬೆಂಗಳೂರಿನಿಂದ ಬಿಡದಿಗೆ ಮೈಸೂರು ಹಳಿಯ ರೈಲಿನಲ್ಲಿ ಹೋಗಬಹುದು. ಅಥವಾ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಓಡುತ್ತಿರುವ ಮೆಟ್ರೋದಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ಹೇಗೆ ಹೋದರೂ ಹೋಗಲೊಂದು ದಿನ, ಆಡಲೊಂದು ದಿನ, ಬರಲೊಂದು ದಿನ. ಮೂರು ದಿನ ಮಗ್ಗ ಮೌನವಾಗಿರುತ್ತದೆ. ಈ ಮೂರು ದಿನಗಳ ಕೂಲಿಯನ್ನು ಟಿಕೆಟ್ಟಿನ ಜೊತೆಗೆ ಕೂಡಿಸಿ ನೋಡಿದವರಿಗೆ ಮಾತ್ರ ನಿಜವಾದ ವೆಚ್ಚ ತಿಳಿಯುತ್ತದೆ.

ಇಲ್ಲಿ ಜಾಣರೊಬ್ಬರು ಕೇಳಬಹುದು: "ಪೊಳ್ಳಾಚಿ, ತ್ರಿಶೂರಿನ ದಾರಿಯಲ್ಲಿ ಕೊಚ್ಚಿಯ ವಂಡರ್‌ಲಾ ನಮಗೆ ಬಿಡದಿಗಿಂತ ಅರ್ಧಕ್ಕರ್ಧ ಹತ್ತಿರವಲ್ಲವೇ?" ಸರಿಯಾದ ಪ್ರಶ್ನೆ. ಯಂತ್ರದಾಟವೊಂದೇ ಗುರಿಯಾದರೆ ಕೊಚ್ಚಿಯೇ ಲೇಸು. ಹಾಗಾದರೆ ಬಿಡದಿಯವರೆಗೆ ಹೋಗುವುದಕ್ಕೆ ಆಟದ ಹೊರತಾದ ಕಾರಣವಿರಬೇಕು. ಅದಿದೆಯೇ ಎಂಬುದನ್ನು ಮುಂದೆ ನೋಡೋಣ.

ಎರಡು ಕಡೆಯೂ ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಜನಸಂದಣಿ ಬಹಳ. ವಾರದ ನಡುವಣ ದಿನ ಹೋದವನು ಅದೇ ಹಣಕ್ಕೆ ಎರಡರಷ್ಟು ಆಟಗಳನ್ನು ಆಡಿಬರುತ್ತಾನೆ. ಬಿಡದಿಯಲ್ಲಿ ಸಾಲು ತಪ್ಪಿಸುವ ಶೀಘ್ರ ಟಿಕೆಟ್ಟನ್ನು ಹೆಚ್ಚಿನ ಬೆಲೆಗೆ ಮಾರುತ್ತಾರೆ. ವಾರದ ನಡುವೆ ಹೋಗುವವರಿಗೆ ಅದರ ಅಗತ್ಯವಿಲ್ಲ. ಶಾಲಾ ತಂಡಗಳಿಗೂ ವಿದ್ಯಾರ್ಥಿಗಳಿಗೂ ಆಗಾಗ ರಿಯಾಯಿತಿಗಳುಂಟು. ಹೊರಡುವ ಮೊದಲೇ ವಿಚಾರಿಸುವುದು ಜಾಣತನ.

ಮನೆಯವರಲ್ಲಿ ಯಾರಿಗೆ ಯಾವುದು?

ಅನುಭವಸ್ಥರು ಕೂಡ ಮರೆಯುವ ಸಂಗತಿಯೊಂದಿದೆ. ಉದ್ಯಾನವನ್ನು ಆರಿಸುವಾಗ ಆಟಗಳ ಸಂಖ್ಯೆಗಿಂತ ಮನೆಯವರ ಪಟ್ಟಿಯೇ ಮುಖ್ಯ. ಬಿಡದಿಯಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸು ನೋಡಿ ಕೊಡದೆ ಎತ್ತರವನ್ನು ಅಳೆದು ಕೊಡುತ್ತಾರೆ. ಭಾರಿ ಯಂತ್ರಗಳ ಬಾಗಿಲಿನಲ್ಲಿಯೂ ಅಳತೆಗೋಲು ನಿಂತಿರುತ್ತದೆ. ಭದ್ರತೆಯ ಸರಳುಗಳು ಒಂದು ಗಾತ್ರದ ದೇಹಕ್ಕೆ ಸರಿಹೊಂದುವಂತೆ ರಚಿತವಾಗಿರುವುದರಿಂದ, ಚಿಕ್ಕ ಮಗು ಅವುಗಳೊಳಗಿನಿಂದ ಜಾರಿಹೋದೀತೆಂಬುದೇ ಇದರ ಕಾರಣ. ಎಂಟು ವರ್ಷದ ಮಗುವಿದ್ದ ಮನೆಯವರು ಮುನ್ನೂರೈವತ್ತು ಕಿಲೋಮೀಟರು ಸಾಗಿ ಅಳತೆಗೋಲಿನ ಮುಂದೆ ಮಗುವನ್ನು ಅಳಿಸುವುದರಲ್ಲಿ ಅರ್ಥವಿಲ್ಲ. ಅಂಥ ಮಗುವಿಗೆ ಮೆಟ್ಟುಪಾಳ್ಯದ ತಿಳಿಗೊಳವೇ ಸಮುದ್ರ.

ಹನ್ನೆರಡು ಹದಿಮೂರು ದಾಟಿ ಎತ್ತರ ಬೆಳೆದ ಮಕ್ಕಳ ಮನೆಗಾದರೆ ಮಾತು ಬೇರೆ. ಮೆಟ್ಟುಪಾಳ್ಯದ ಜಾರುಗಾಲುವೆಗಳನ್ನು ಎರಡು ಸಲ ಆಡಿ ಮುಗಿಸಿದ ಹುಡುಗ ಹುಡುಗಿಯರಿಗೆ ಮೂರನೆಯ ಸಲ ಹೊಸದೇನೂ ತೋರದು. ಬಿಡದಿಯ ಒಣಯಂತ್ರಗಳು ಅವರಿಗೆ ತಕ್ಕವು. ಅಜ್ಜ ಅಜ್ಜಿಯರು ಜೊತೆಗಿದ್ದರೆ ಮತ್ತೆ ಮೆಟ್ಟುಪಾಳ್ಯಕ್ಕೇ ಹೆಚ್ಚು ಅಂಕ. ದಾರಿ ಕಿರಿದು, ನೆರಳಿನಲ್ಲಿ ಕುಳಿತು ಬೆಟ್ಟವನ್ನು ನೋಡುತ್ತಾ ಮೊಮ್ಮಕ್ಕಳ ಆಟಕ್ಕೆ ಕಣ್ಣಾಗಿರಬಹುದು. ಹೃದ್ರೋಗವುಳ್ಳವರು, ಬೆನ್ನುನೋವಿನವರು, ಗರ್ಭಿಣಿಯರು ಎರಡು ಕಡೆಯೂ ಭಾರಿ ಆಟಗಳಿಂದ ದೂರವಿರಬೇಕು. ದಿನವಿಡೀ ಗುಂಡಿಮಗ್ಗದಲ್ಲಿ ಕುಳಿತು ಸೊಂಟ ಸವೆಸಿದ ನಮ್ಮ ನೇಕಾರ ಬಂಧುಗಳು ಈ ಸೂಚನೆಯನ್ನು ತಮಗೂ ಅನ್ವಯಿಸಿಕೊಳ್ಳುವುದು ಒಳ್ಳೆಯದು.

ಉಡುಪು, ಊಟ, ವಾಸ

ನೆಗಮದ ಹತ್ತಿಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಅಲೆಗಳ ಕೊಳದೊಳಕ್ಕೆ ಅದಕ್ಕೆ ಪ್ರವೇಶವಿಲ್ಲ. ಇದರಿಂದ ಯಾರೂ ಮುನಿಯಬೇಕಾಗಿಲ್ಲ. ಹತ್ತಿ ನೀರನ್ನು ಹೀರಿ ಭಾರವಾಗುತ್ತದೆ. ಅದರ ಎಳೆಗಳು ಉದುರಿ ನೀರು ಸೋಸುವ ಯಂತ್ರಗಳನ್ನು ಕಟ್ಟಿಬಿಡುತ್ತವೆ. ಸಡಿಲವಾದ ಸೆರಗು ಕಾಲಿಗೆ ಸುತ್ತಿಕೊಂಡರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಮೈಗೆ ಹೊಂದುವ ನೈಲಾನಿನ ಈಜುಡುಪನ್ನು ಕೇಳುತ್ತಾರೆ. ಅಲ್ಲಿ ಬಾಡಿಗೆಗೋ ಬೆಲೆಗೋ ಕೊಳ್ಳುವುದಕ್ಕಿಂತ ಊರಿನಿಂದಲೇ ಒಯ್ದರೆ ಉಳಿತಾಯ. ಹೊರಗಿನ ತಿಂಡಿತೀರ್ಥಗಳನ್ನು ಒಳಗೆ ಬಿಡುವುದಿಲ್ಲವಾದ ಕಾರಣ ಬೆಳಗಿನ ಉಪಾಹಾರವನ್ನು ಹೊರಗೇ ಮುಗಿಸಿಕೊಳ್ಳುವುದು ಮೇಲು. ಈ ವಿಷಯದಲ್ಲಿ ಬಿಡದಿಗೆ ಹೋದವರ ಪುಣ್ಯ ದೊಡ್ಡದು. ಆ ಊರಿನ ತಟ್ಟೆ ಇಡ್ಲಿಯ ಕೀರ್ತಿ ಉದ್ಯಾನದ ಕೀರ್ತಿಗಿಂತ ಹಳೆಯದು.

ತಂಗುವ ಪ್ರಶ್ನೆ ಉಳಿಯಿತು. ಮೆಟ್ಟುಪಾಳ್ಯದಲ್ಲಿ ನಮ್ಮ ಊರಿನವರಿಗೆ ತಂಗುವ ಅಗತ್ಯವೇ ಇಲ್ಲ. ತಂಗುವುದಾದರೆ ಮರುದಿನ ನೀಲಗಿರಿಗೆ ಹತ್ತುವ ಉದ್ದೇಶವಿರಬೇಕು. ಬಿಡದಿಯಲ್ಲಾದರೋ ಒಂದು ರಾತ್ರಿಯ ವಾಸ ಅನಿವಾರ್ಯ. ಉದ್ಯಾನದ ಮಗ್ಗುಲಿನ ವಿಹಾರಗೃಹದಲ್ಲಿಯೇ ಇಳಿದುಕೊಂಡರೆ ದಣಿದ ಮಕ್ಕಳನ್ನು ಹತ್ತು ಹೆಜ್ಜೆಯಲ್ಲಿ ಹಾಸಿಗೆಗೆ ಸೇರಿಸಬಹುದು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಬಹುದು. ಅನುಕೂಲಕ್ಕೆ ತಕ್ಕ ಬೆಲೆಯೂ ಉಂಟು. ಬೆಂಗಳೂರಿನಲ್ಲಿ ನೆಂಟರಿಷ್ಟರ ಮನೆಯಿದ್ದವರಿಗೆ ಆ ಬೆಲೆ ಉಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಗೋಡೆಯಾಚೆಯ ನೋಟ

ಉದ್ಯಾನದ ಗೋಡೆಯೊಳಗೆ ಎಷ್ಟಿದ್ದರೂ ಆಟವೇ. ಪಳಗಿದ ಪ್ರವಾಸಿಗಳು ಗೋಡೆಯಾಚೆಗೂ ನೋಡಬೇಕು.

ಮೆಟ್ಟುಪಾಳ್ಯದಲ್ಲಿ ನೀಲಗಿರಿಯ ಮಲೆರೈಲು ಹೊರಡುತ್ತದೆ. 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ತೆರೆದ ಈ 46 ಕಿಲೋಮೀಟರಿನ ಹಳಿ, 326 ಮೀಟರಿನಿಂದ 2203 ಮೀಟರ್ ಎತ್ತರಕ್ಕೆ ಏರುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಹನ್ನೆರಡು ಅಡಿ ಸಾಗಿದರೆ ಒಂದಡಿ ಏರುವಷ್ಟು ಕಡಿದು. ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದ್ದು, ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆಟದ ಬಂಡಿಯು ಎರಡು ನಿಮಿಷದಲ್ಲಿ ಇಳಿಯುವ ಸುಖವನ್ನು ಕೊಟ್ಟರೆ, ಈ ರೈಲು ಐದು ಗಂಟೆಯ ಹೊತ್ತು ಏರುವ ಶ್ರಮವನ್ನು ತೋರಿಸುತ್ತದೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಕಂಡ ಬಾಲಕನಿಗೆ ಭೌತಶಾಸ್ತ್ರದ ಅಧ್ಯಾಯವೊಂದು ತಾನಾಗಿ ಮನದಟ್ಟಾಗುತ್ತದೆ. ರಸ್ತೆಯ ಮೂಲಕ ನೀಲಗಿರಿಗೆ ಹತ್ತುವವರು 2024ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ವಾಹನದ ಇ-ಪಾಸನ್ನು ಮುಂಚಿತವಾಗಿ ಪಡೆದಿರಬೇಕು.

ಬಿಡದಿಯ ಸುತ್ತಲಿನ ನೋಟ ಬೇರೆ ಬಗೆಯದು. ಅದೇ ಹೆದ್ದಾರಿಯಲ್ಲಿ ರಾಮನಗರದ ಬಳಿ ಜಾನಪದ ಲೋಕವಿದೆ. ಎಚ್. ಎಲ್. ನಾಗೇಗೌಡರು ಕಟ್ಟಿದ ಈ ಸಂಗ್ರಹದಲ್ಲಿ ಕನ್ನಡನಾಡಿನ ಹಳ್ಳಿಗರ ಬೇಸಾಯದ ಮುಟ್ಟುಗಳು, ಅಡುಗೆಯ ಪಾತ್ರೆಪಡಗಗಳು, ತೊಗಲುಗೊಂಬೆಗಳು, ಯಕ್ಷಗಾನದ ವೇಷಭೂಷಣಗಳು ಇವೆ. ನಮ್ಮ ಮನೆಗಳಲ್ಲಿ ಹೆಸರು ಮಾತ್ರ ಉಳಿದಿರುವ ಎಷ್ಟೋ ವಸ್ತುಗಳನ್ನು ಮಕ್ಕಳು ಅಲ್ಲಿ ಕಣ್ಣಾರೆ ಕಾಣಬಹುದು. ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯು ಏಷ್ಯದಲ್ಲಿಯೇ ದೊಡ್ಡವುಗಳಲ್ಲಿ ಒಂದು. ನೂಲನ್ನು ಕೊಂಡು ನೇಯುವವರ ಮಕ್ಕಳು, ನೂಲಿನ ಮೂಲವಾದ ಗೂಡು ಬುಟ್ಟಿಬುಟ್ಟಿಯಾಗಿ ಹರಾಜಾಗುವುದನ್ನು ನೋಡುವುದು ಉಚಿತವಾದ ಶಿಕ್ಷಣ. ಮುಂದೆ ಚನ್ನಪಟ್ಟಣದಲ್ಲಿ ಕಡೆಗೋಲಿನ ಮೇಲೆ ಮರವನ್ನು ತಿರುಗಿಸಿ, ಅರಗಿನ ಬಣ್ಣ ಕೊಟ್ಟು ಆಟಿಕೆ ಮಾಡುವ ಕುಶಲಿಗಳಿದ್ದಾರೆ.

ಎಲ್ಲಕ್ಕಿಂತ ಮಿಗಿಲಾದುದು ಇನ್ನೊಂದು. ನೆಗಮದ ಮಗುವಿಗೆ ಕನ್ನಡವು ಮನೆಯೊಳಗಿನ ಮಾತು, ಶಾಲೆಯೊಳಗಿನ ಅಕ್ಷರ. ಬೀದಿ, ಬಸ್ಸು, ಅಂಗಡಿ, ಕಛೇರಿಗಳಲ್ಲಿ ಅದು ಕಾಣುವುದು ತಮಿಳನ್ನು. ತಮಿಳು ನಮ್ಮ ಅನ್ನದ ಭಾಷೆ, ನೆರೆಹೊರೆಯ ಪ್ರೀತಿಯ ಭಾಷೆ, ಅದರಲ್ಲಿ ಸಂಶಯವಿಲ್ಲ. ಆದರೂ ತಾನು ಕಷ್ಟಪಟ್ಟು ಕಲಿತ ಅಕ್ಷರಗಳು ಪುಸ್ತಕದ ಆಚೆಗೂ ಬದುಕಿವೆಯೇ ಎಂಬ ಸಂಶಯ ಆ ಮಗುವಿನ ಮನಸ್ಸಿನ ಮೂಲೆಯಲ್ಲಿರುವುದನ್ನು ಉಪಾಧ್ಯಾಯರಾದ ನಾವು ಬಲ್ಲೆವು. ಕೆಲವು ತಾಯ್ತಂದೆಗಳಲ್ಲಿಯೂ ಅದೇ ಸಂಶಯವಿದೆ. ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವುದಕ್ಕೆ ಕಾರಣವೂ ಹಲವು ವೇಳೆ ಅದೇ. ತಾಳವಾಡಿಯ ಸೀಮೆಯನ್ನು ಮಗ್ಗುಲಲ್ಲಿಟ್ಟುಕೊಂಡು ಘಾಟಿ ದಾಟಿ ಚಾಮರಾಜನಗರದ ದಾರಿ ಹಿಡಿದೊಡನೆ ಮೈಲಿಗಲ್ಲು, ಬಸ್ಸಿನ ಫಲಕ, ರೈಲು ನಿಲ್ದಾಣದ ಹೆಸರು, ಚಹದಂಗಡಿಯ ಬೆಲೆಪಟ್ಟಿ ಎಲ್ಲವೂ ಆ ಅಕ್ಷರಗಳಲ್ಲಿಯೇ ಕಾಣತೊಡಗುತ್ತವೆ. ಕಿಟಕಿಯ ಬಳಿ ಕುಳಿತ ಮಗು ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾ ಹೋಗುತ್ತದೆ. ಆ ಓದಿಗೆ ಯಾವ ಪರೀಕ್ಷೆಯ ಅಂಕವೂ ಸಮನಲ್ಲ. ಕೊಚ್ಚಿಯನ್ನು ಬಿಟ್ಟು ಬಿಡದಿಗೆ ಹೋಗಲು ಕಾರಣವಿದೆಯೇ ಎಂದು ಮೇಲೆ ಕೇಳಿಕೊಂಡೆವಷ್ಟೆ. ನಮ್ಮ ಅಭಿಪ್ರಾಯದಲ್ಲಿ ಕಾರಣವೆಂದರೆ ಇದು.

ಎಚ್ಚರಿಕೆಯ ಮಾತು

ಯಂತ್ರ ಎಷ್ಟು ಒಳ್ಳೆಯದಾದರೂ ಯಂತ್ರವೇ. 2025ರ ಮೇ ತಿಂಗಳಲ್ಲಿ ಚೆನ್ನೈ ಸಮೀಪದ ಒಂದು ಉದ್ಯಾನದಲ್ಲಿ ಆಟದ ಯಂತ್ರವು ಎತ್ತರದಲ್ಲಿ ಕೆಟ್ಟು ನಿಂತು, ಮಕ್ಕಳೂ ಹೆಂಗಸರೂ ಸೇರಿ ಮೂವತ್ತಕ್ಕೂ ಹೆಚ್ಚು ಜನ ಗಂಟೆಗಟ್ಟಲೆ ಮೇಲೆಯೇ ಸಿಕ್ಕಿಕೊಂಡಿದ್ದರು. ಅಗ್ನಿಶಾಮಕ ದಳದವರು ಬಂದು ಅವರನ್ನು ಇಳಿಸಬೇಕಾಯಿತು. ಇದನ್ನು ಹೇಳುವುದು ಹೆದರಿಸುವುದಕ್ಕಲ್ಲ, ಶಿಸ್ತಿನ ಬೆಲೆ ತಿಳಿಯಲೆಂದು. ಆದುದರಿಂದ ಎರಡರಲ್ಲಿ ಎಲ್ಲಿಗೆ ಹೋದರೂ ಈ ಕೆಳಗಿನವನ್ನು ಪಾಲಿಸತಕ್ಕದ್ದು.

ಒಂದು: ಅಳತೆಗೋಲಿನ ಮುಂದೆ ಮಗುವನ್ನು ತುದಿಗಾಲಿನಲ್ಲಿ ನಿಲ್ಲಿಸಿ ಒಳಗೆ ನುಗ್ಗಿಸಕೂಡದು. ಎರಡು: ಭದ್ರತೆಯ ಸರಳು ಬಿಗಿಯಾಗಿದೆಯೇ ಎಂದು ತಾನೇ ಎಳೆದು ನೋಡಬೇಕು, ಸಂಶಯವಿದ್ದರೆ ಯಂತ್ರ ಹೊರಡುವ ಮುನ್ನವೇ ಕೂಗಿ ಹೇಳಬೇಕು. ಮೂರು: ನೀರಿನ ಆಟದಲ್ಲಿ ಪ್ರತಿಯೊಂದು ಚಿಕ್ಕ ಮಗುವಿಗೂ ಒಬ್ಬ ದೊಡ್ಡವರು ಕೈಗೆಟಕುವ ದೂರದಲ್ಲಿರಬೇಕು, ಕಾವಲುಗಾರನಿದ್ದಾನೆಂದು ಕಣ್ಣು ತೆಗೆಯಬಾರದು. ನಾಲ್ಕು: ಒಳಗೆ ಹೋದೊಡನೆ ತಪ್ಪಿಸಿಕೊಂಡರೆ ಸೇರಬೇಕಾದ ಜಾಗವನ್ನು ಗೊತ್ತುಮಾಡಬೇಕು, ತಾಯ್ತಂದೆಗಳ ಫೋನ್ ಸಂಖ್ಯೆಯನ್ನು ಮಗು ಬಾಯಿಪಾಠ ಹೇಳಬಲ್ಲದಾಗಿರಬೇಕು. ಐದು: ಊಟವಾದ ಕೂಡಲೆ ತಿರುಗುವ ಆಟಗಳಿಗೆ ಹೋಗಬಾರದು.

ತೀರ್ಮಾನ

ಇಷ್ಟನ್ನು ತೂಗಿದ ಮೇಲೆ ನಮಗೆ ತೋರುವುದಿಷ್ಟು. ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳೂ ವೃದ್ಧರೂ ಇದ್ದರೆ, ದುಡಿಮೆಯನ್ನು ಒಂದು ದಿನಕ್ಕಿಂತ ಹೆಚ್ಚು ನಿಲ್ಲಿಸಲಾಗದಿದ್ದರೆ, ಎಷ್ಟು ಸಲ ನೋಡಿದ್ದರೂ ಮೆಟ್ಟುಪಾಳ್ಯವೇ ಸರಿ. ಬೇಸರವೆನಿಸಿದರೆ ಈ ಸಲ ಅದಕ್ಕೆ ಮಲೆರೈಲಿನ ಪಯಣವನ್ನು ಸೇರಿಸಿಕೊಳ್ಳಿರಿ. ಮಕ್ಕಳು ಎತ್ತರ ಬೆಳೆದಿದ್ದು, ಮೂರು ದಿನದ ಬಿಡುವೂ ಹಣವೂ ಕೂಡಿಬಂದಿದ್ದರೆ ಬಿಡದಿಗೆ ಹೋಗಬಹುದು. ಆದರೆ ವಂಡರ್‌ಲಾವೊಂದನ್ನೇ ನೋಡಿ ಹಿಂದಿರುಗುವುದಾದರೆ ಅಷ್ಟು ದೂರದ ಪ್ರಯಾಣ ನಷ್ಟದ ವ್ಯಾಪಾರ. ಒಂದು ಹಗಲು ಉದ್ಯಾನಕ್ಕೆ, ಒಂದು ಹಗಲು ರಾಮನಗರ ಚನ್ನಪಟ್ಟಣಗಳಿಗೆ ಎಂದು ಹಂಚಿಕೊಂಡರೆ ಹಣ ಸಾರ್ಥಕ. ಪ್ರತಿವರ್ಷ ಬಿಡದಿಗೆ ಹೋಗಬೇಕೆಂಬುದಿಲ್ಲ. ಎರಡು ವರ್ಷ ಸಮೀಪದಲ್ಲಿ ಮಿತವಾಗಿ ಕಳೆದು, ಉಳಿದ ಹಣದಿಂದ ಮೂರನೆಯ ವರ್ಷ ದೂರ ಹೋಗುವುದು ಜಾಣರ ಕ್ರಮ.

ಸಾಲ ಮಾಡಿ ಹೋಗುವ ವಿಹಾರ ವಿಹಾರವಲ್ಲ. ಮುಂದಿನ ಬೇಸಗೆಗೆ ಹೊರಡಲೆಣಿಸುವವರು ಈಗಿನಿಂದಲೇ ಮನೆಯಲ್ಲಿ ಒಂದು ಹುಂಡಿಯನ್ನಿಟ್ಟು, ದಾರಿಯ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಬರೆಸಲಿ: ದೂರವೆಷ್ಟು, ರೈಲು ಎಷ್ಟು ಹೊತ್ತಿಗೆ, ಟಿಕೆಟ್ಟಿಗೆಷ್ಟು, ಊಟಕ್ಕೆಷ್ಟು ಎಂದು. ಹಿಂದಿರುಗಿ ಬಂದ ವಿದ್ಯಾರ್ಥಿಗಳು ತಾವು ಕಂಡದ್ದನ್ನು ಎರಡು ಪುಟಗಳಲ್ಲಿ ಬರೆದು ತಂದು ಕೊಟ್ಟರೆ, ಒಳ್ಳೆಯವನ್ನು ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುವೆವು.